ಕಾರಣವಿಲ್ಲದ ಕೇಕು

"ಅಗಿಯಬೇಡಿ" ಎಂದು ನರ್ಸ್ ಇರ್ಮೆಲಿ ಹೇಳುವಷ್ಟರಲ್ಲಿ ತೆರ್ಹೊ ಮೂರನೆಯ ಒಣದ್ರಾಕ್ಷಿಯನ್ನೂ ನುಂಗಿಬಿಟ್ಟಿದ್ದ.

"ಹೋಯ್ತಾ?"

"ಹೋಯ್ತು."

"ಪರವಾಗಿಲ್ಲ, ಇನ್ನೊಂದು ತಗೊಳ್ಳಿ. ಬಾಯಲ್ಲಿ ಸುಮ್ನೆ ಇಟ್ಕೊಳ್ಳಿ. ಅದು ನಿಮ್ಮ ಹತ್ರ ಏನು ಹೇಳುತ್ತೆ ಕೇಳಿಸ್ಕೊಳ್ಳಿ."

ತೆರ್ಹೊ ನಾಲ್ಕನೆಯದನ್ನು ನಾಲಿಗೆಯ ಮೇಲಿಟ್ಟುಕೊಂಡು ಸೀಲಿಂಗನ್ನು ನೋಡುತ್ತ ಕೂತ. ಐವತ್ತೇಳು ವರ್ಷದ ಗಂಡಸು. ಹೌಕಿಸಾಲ್ಮಿ ಪುರಸಭೆಯ ರಸ್ತೆ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಉಗ್ರಾಣ ನೋಡಿಕೊಳ್ಳುವವನು. ಹಿಮ ತಳ್ಳುವ ಲಾರಿಗಳ ಅಲಗು, ಕೈಗವಸು, ರಸ್ತೆಗೆ ಎರಚುವ ಜಲ್ಲಿ, ಎಲ್ಲಕ್ಕೂ ಅವನೇ ದಿಕ್ಕು. ಅಂಥವನು ಒಂದು ಒಣದ್ರಾಕ್ಷಿಯ ಮಾತಿಗೆ ಎರಡು ನಿಮಿಷ ಕಾದ. ಒಣದ್ರಾಕ್ಷಿ ತುಟಿ ಬಿಚ್ಚಲಿಲ್ಲ. ಅದೂ ಹೌಕಿಸಾಲ್ಮಿಯದೇ ಇರಬೇಕು.

"ಏನನ್ನಿಸ್ತಿದೆ?"

"ಏನೋ ಒಂದು ಅನ್ನಿಸ್ತಿದೆ ಅನ್ನಬಹುದು. ಅನ್ನದೇನೂ ಇರಬಹುದು."

ಇರ್ಮೆಲಿ ನಿಟ್ಟುಸಿರು ಬಿಟ್ಟಳು. ಅವಳು ಪಶ್ಚಿಮ ಕರಾವಳಿಯಿಂದ ಬಂದವಳು. ಅಲ್ಲಿಯ ಜನ ಪ್ರಶ್ನೆ ಇದ್ದರೆ ಪ್ರಶ್ನೆ ಕೇಳುತ್ತಾರೆ, ಉತ್ತರ ಇದ್ದರೆ ಉತ್ತರ ಕೊಡುತ್ತಾರೆ, ಆಮೇಲೆ ಮನೆಗೆ ಹೋಗುತ್ತಾರೆ. ಒಳನಾಡಾದ ನಮ್ಮ ಸಾವೊ ಸೀಮೆಯಲ್ಲಿ ಹಾಗೆಲ್ಲ ಒರಟಾಗಿ ನಡೆದುಕೊಳ್ಳುವುದಿಲ್ಲ. ಮಾತಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೇವೆ, ಅರ್ಥ ಮಾಡಿಕೊಳ್ಳುವ ಕೆಲಸವನ್ನು ಕೇಳುವವನಿಗೆ ಬಿಡುತ್ತೇವೆ. ಅವನು ತಪ್ಪಾಗಿ ಅರ್ಥ ಮಾಡಿಕೊಂಡರೆ ಅದು ಅವನ ಜವಾಬ್ದಾರಿ.

"ನೋಡಿ, ನಿಮ್ಮ ರಕ್ತದೊತ್ತಡ ಮೇಲಿದೆ, ನಿದ್ದೆ ಕೆಳಗಿದೆ. ದಿನಕ್ಕೆ ಏಲಕ್ಕಿ ಬನ್ನು ಎಷ್ಟು ತಿಂತೀರಿ?"

"ಒಂದು..." ಎಂದ ತೆರ್ಹೊ. "ಆರು."

"ಹಸಿವಾಗಿ ತಿಂತೀರೋ, ಹೆದರಿಕೆಯಾಗಿ ತಿಂತೀರೋ?"

ಇದು ತೀರಾ ಹೆಚ್ಚಾಯಿತು. ಮದುವೆಯಾಗಿ ಮೂವತ್ತು ವರ್ಷವಾದ ಹೆಂಡತಿಯೂ ಕೇಳದ ಪ್ರಶ್ನೆ. ತೆರ್ಹೊನ ಕಿವಿ ಕೆಂಪಾಯಿತು, ಒಣದ್ರಾಕ್ಷಿ ತಾನಾಗಿಯೇ ಒಳಗೆ ಜಾರಿತು. ಏಕೆಂದರೆ ವಿಷಯ ಅದೇ ಆಗಿತ್ತು. ಜನವರಿಯಲ್ಲಿ ಪುರಸಭೆ ಒಂದು ಸುದ್ದಿ ಬಿಟ್ಟಿತ್ತು: ರಸ್ತೆ ವಿಭಾಗದ ಹನ್ನೆರಡು ಜನ ಜೂನ್ ತಿಂಗಳ ನಡುಬೇಸಿಗೆ ಹಬ್ಬದ ಹೊತ್ತಿಗೆ ಹನ್ನೊಂದಾಗಬೇಕು. ಯಾರು ಎಂದು ಹೇಳಿರಲಿಲ್ಲ. ಅಂದಿನಿಂದ ತೆರ್ಹೊ ಜಲ್ಲಿ ಚೀಲಗಳ ಹಿಂದೆ ನಿಂತು ಬನ್ನು ತಿನ್ನುತ್ತಿದ್ದ. ಫೋನು ಬಂದರೆ ಒಂದು, ಮೇಸ್ತ್ರಿ ಕ್ಯೋಸ್ತಿ ಕೆಮ್ಮಿದರೆ ಒಂದು, ಕೆಮ್ಮದಿದ್ದರೆ ಎರಡು.

ಇರ್ಮೆಲಿ ಒಂದು ನೀಲಿ ನೋಟುಬುಕ್ಕು ಕೊಟ್ಟಳು. ಏನು ತಿಂದೆ, ಹಸಿವು ಹತ್ತಕ್ಕೆ ಎಷ್ಟು, ಮನಸ್ಸಿನಲ್ಲಿ ಏನಿತ್ತು. ತುತ್ತು ಎತ್ತುವ ಮೊದಲು ಒಂದು ಗಳಿಗೆ ನಿಲ್ಲಬೇಕು, ಕೇಳಿಕೊಳ್ಳಬೇಕು, ಬರೆಯಬೇಕು.

"ಕೊನೆಯದಾಗಿ ಒಂದು ಹೇಳಿ. ನಿಮಗೆ ನಿಜವಾಗ್ಲೂ ಖುಷಿ ಕೊಡೋ ತಿಂಡಿ ಯಾವುದು?"

ಇದಕ್ಕೆ ಮಾತ್ರ ತೆರ್ಹೊ ತಡಮಾಡಲಿಲ್ಲ. "ಬ್ರೆಡ್ಡಿನ ಕೇಕು. ಪದರ ಪದರ ಬ್ರೆಡ್ಡು, ಮಧ್ಯೆ ಮೇಯೊನೀಸು, ಹೊಗೆಯಾಡಿಸಿದ ಮೀನು, ಮೇಲೆ ಸೀಗಡಿ."

"ಕೊನೇ ಸಲ ಯಾವಾಗ ತಿಂದ್ರಿ?"

"ನಮ್ಮ ಚಿಕ್ಕಪ್ಪನ ಮಣ್ಣಿಗೆ ಹೋದಾಗ. ಅದಕ್ಕೆ ಮೊದಲು ನಮ್ಮ ವಿಭಾಗದ ಮಾರ್ಟ್ಟಿ ನಿವೃತ್ತಿ ಆಗ್ತಾ ತಂದಾಗ."

"ನೋಡಿ! ನಿಮಗಿಷ್ಟವಾದ ತಿಂಡೀನ ನೀವು ಸಾವಿಗೂ ವಿದಾಯಕ್ಕೂ ಗಂಟು ಹಾಕಿಟ್ಟಿದ್ದೀರಿ. ಅದನ್ನ ಬಿಚ್ಚಿ. ಯಾವ ಕಾರಣಾನೂ ಇಲ್ಲದ ದಿನ ಒಂದು ಕೇಕು ತರಿಸಿ, ಜೊತೆಯವರ ಜೊತೆ ಕೂತು, ಒಂದೇ ತುಂಡು, ನಿಧಾನವಾಗಿ ತಿನ್ನಿ. ಹೊಟ್ಟೆ ಮೇಲೆ ಕೈ ಇಟ್ಕೊಂಡು."

ಅವಳು ಹೇಳಿದ್ದು ಒಳ್ಳೆಯ ಮಾತೇ. ಕರಾವಳಿಯಲ್ಲಾಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

* * *

ಅಂಗಡಿಯ ಕೇಕಿನ ಕಟ್ಟೆಯ ಹಿಂದೆ ನಿಂತಿದ್ದವಳು ಹಿಲ್ಯಾ. ತೆರ್ಹೊನ ಪಕ್ಕದ ಮನೆಯವಳು. ಊರಿನಲ್ಲಿ ಯಾರು ಹುಟ್ಟಿದರು, ಯಾರು ಹೋದರು ಎಂಬುದು ಚರ್ಚಿನ ಪಾದ್ರಿಗಿಂತ ಒಂದು ದಿನ ಮೊದಲು ಅವಳಿಗೆ ಗೊತ್ತಾಗುತ್ತದೆ. ಕೇಕು ಮೊದಲು, ಪಾದ್ರಿ ಆಮೇಲೆ.

"ಬ್ರೆಡ್ಡಿನ ಕೇಕು ಒಂದು ಬೇಕಿತ್ತು" ಎಂದ ತೆರ್ಹೊ.

ಹಿಲ್ಯಾ ಪೆನ್ನು ಕೆಳಗಿಟ್ಟು ದನಿ ಇಳಿಸಿದಳು. "ಅಯ್ಯೋ ದೇವ್ರೇ. ಯಾವಾಗ ಹೋದ್ರು?"

"ಯಾರು?"

"ನಿಮ್ಮತ್ತೆ."

"ಎಲ್ಲಿಗೂ ಹೋಗಿಲ್ಲ. ಇವತ್ತು ಬೆಳಿಗ್ಗೇನೂ ಫೋನ್ ಮಾಡಿ ಬೈದ್ರು."

"ಓ." ಹಿಲ್ಯಾಳಿಗೆ ಕೊಂಚ ನಿರಾಸೆಯಾಯಿತು. "ಹಾಗಾದ್ರೆ ಯಾವ ಸಮಾರಂಭ ಅಂತ ಬರ್ಕೊಳ್ಳಲಿ?"

"ಸುಮ್ನೆ."

"ಸುಮ್ನೆ?" ಒಡೆದ ಹಾಲನ್ನು ಮೂಸಿದವಳಂತೆ ಅವಳು ಆ ಪದವನ್ನು ಹೇಳಿದಳು. "ಸುಮ್ನೆ ಬ್ರೆಡ್ಡಿನ ಕೇಕಾ? ಎಷ್ಟು ಜನಕ್ಕೆ?"

"ಹನ್ನೆರಡು. ಗುರುವಾರ ಬೆಳಿಗ್ಗೆ."

ಹನ್ನೆರಡು ಎಂದರೆ ರಸ್ತೆ ವಿಭಾಗ. ಹಿಲ್ಯಾಳ ಮುಖದ ಮೇಲೆ ಲೆಕ್ಕವೊಂದು ಮೆಲ್ಲಗೆ ನಡೆದು, ಮೆಲ್ಲಗೆ ಮುಗಿದದ್ದು ಎದ್ದು ಕಂಡಿತು. ತೆರ್ಹೊ ಮಾತ್ರ ಗಾಜಿನೊಳಗಿನ ಸೀಗಡಿಯನ್ನು ನೋಡುತ್ತಿದ್ದ. ಅವಳು ಕೈ ಚಾಚಿ ಅವನ ಕೈ ಮುಟ್ಟಿದಳು. ಇಪ್ಪತ್ತೇಳು ವರ್ಷ ಒಂದೇ ಬೇಲಿ ಹಂಚಿಕೊಂಡಿದ್ದರೂ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಏನೂ ಹೇಳಬೇಡ ಬಿಡು, ತೆರ್ಹೊ. ಸೀಗಡಿ ಎರಡು ಪಾಲು ಹಾಕಿಸ್ತೀನಿ."

ಎಂಥ ಒಳ್ಳೆಯ ಹೆಂಗಸು ಎಂದುಕೊಂಡು ತೆರ್ಹೊ ಹೊರಟ. ನೋಟುಬುಕ್ಕಿನಲ್ಲಿ ಬರೆದ: *ಏನೂ ತಿನ್ನಲಿಲ್ಲ. ಹಸಿವು: ನಾಲ್ಕು. ಮನಸ್ಸು: ಹಗುರ.* ಆ ಪುಸ್ತಕದಲ್ಲಿ 'ಹಗುರ' ಎಂಬ ಪದ ಬಂದದ್ದು ಅದೊಂದೇ ಸಲ.

* * *

ಗುರುವಾರ ಒಂಬತ್ತಕ್ಕೆ, ಬೆಳಗಿನ ಕಾಫಿ ವಿರಾಮದಲ್ಲಿ, ತೆರ್ಹೊ ಮೇಜಿನ ಮೇಲೆ ಕೇಕಿನ ಪೆಟ್ಟಿಗೆ ಬಿಚ್ಚಿದ. ಹನ್ನೊಂದು ಜನ ಒಟ್ಟಿಗೆ ಮಾತು ನಿಲ್ಲಿಸಿದರು. ಮೊದಲೂ ಯಾರೂ ಮಾತಾಡುತ್ತಿರಲಿಲ್ಲ, ಆದರೆ ಇದು ಬೇರೆ ಥರದ ಮೌನ.

ಲಾರಿ ಓಡಿಸುವ ಉರ್ಪೊ ಟೋಪಿ ತೆಗೆದ. ಯೂನಿಯನ್ನಿನ ಪ್ರತಿನಿಧಿ ಸೈಮಿ, ರಸ್ತೆ ಹೆರೆಯುವ ಯಂತ್ರ ನಡೆಸುವವಳು, ಕೈಯಲ್ಲಿದ್ದ ಲೋಟವನ್ನು ಬಾಯಿಗೂ ಮೇಜಿಗೂ ನಡುವೆ ಹಿಡಿದುಕೊಂಡೇ ಉಳಿದಳು. ಮೇಸ್ತ್ರಿ ಕ್ಯೋಸ್ತಿಯ ಮುಖದಲ್ಲಿ ಒಂದು ತಿಂಗಳಿಂದ ಕಟ್ಟಿದ್ದ ಏನೋ ಒಂದು ಕರಗಲು ಶುರುವಾಯಿತು.

"ಹಾಗಾದ್ರೆ" ಎಂದ ಉರ್ಪೊ.

"ಹೂಂ" ಎಂದ ತೆರ್ಹೊ, ಕೇಕು ಕೊಯ್ಯುತ್ತ.

"ಹೀಗೇ ಅಂತಾಯ್ತು."

"ಹೀಗೇ ಅನ್ನಬಹುದು."

"ಚೆನ್ನಾಗಿ ಯೋಚನೆ ಮಾಡಿದ್ದೀಯ ತಾನೆ?"

"ಜನವರಿಯಿಂದ ಮನಸ್ಸಲ್ಲಿ ಇದೇ ಕೂತಿತ್ತು ಮಾರಾಯ. ಸೀಗಡಿ ಹಾಕ್ಲಾ?"

"ರೌನಿ ಏನಂದ್ಲು?" ಸೈಮಿ ಕೇಳಿದಳು.

ಹೆಂಡತಿ ರೌನಿಗೆ ಮೇಯೊನೀಸು ಕಂಡರೆ ಆಗುವುದಿಲ್ಲ. "ಅವಳಿಗೆ ಹೇಳಿಲ್ಲ" ಎಂದ ತೆರ್ಹೊ. "ಹೇಳಿದ್ರೆ ಬಿಡ್ತಿರಲಿಲ್ಲ."

ಮೇಜಿನ ಸುತ್ತ ಉಸಿರು ಎಳೆದುಕೊಂಡ ಸದ್ದಾಯಿತು. ತೆರ್ಹೊ ಅದನ್ನು ಕೇಕಿಗೆ ಸಂದ ಗೌರವ ಎಂದು ತಿಳಿದ. ಕೂತು, ಎಡಗೈಯನ್ನು ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ, ಮೊದಲ ತುತ್ತನ್ನು ಬಾಯಿಗಿಟ್ಟ. ಮೂವತ್ತೆರಡು ಸಲ ಅಗಿಯಬೇಕಿತ್ತು. ಹದಿನೆಂಟನೆಯ ಅಗಿತದಲ್ಲಿ ಒಳಗಿದ್ದ ಖಾರ ಮೂಲಂಗಿ ಮೂಗಿಗೇರಿ ಎರಡೂ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ, ಏಕೆಂದರೆ ಬಂದದ್ದನ್ನು ಬಂದ ಹಾಗೆ ಬಿಡಿ ಎಂದು ಇರ್ಮೆಲಿ ಹೇಳಿದ್ದಳು. ಮೂವತ್ತೆರಡಕ್ಕೆ ನುಂಗಿ, ಕಣ್ಣು ತೆರೆದು, ಎಲ್ಲರ ಎದುರೇ ನೀಲಿ ಪುಸ್ತಕ ತೆಗೆದು ಬರೆದ: *ಸಂತೋಷ? ದುಃಖ? ಮೂಲಂಗಿ?*

ಕತ್ತೆತ್ತಿದಾಗ ಉರ್ಪೊ ಕಿಟಕಿಯ ಕಡೆ ತಿರುಗಿ ಮೂಗು ಸೀಟುತ್ತಿದ್ದ.

ಕ್ಯೋಸ್ತಿ ಎದ್ದು ಬಂದ. ಬಲಗೈ ಚಾಚಿದ. "ಯಾರಾದ್ರೂ ಒಬ್ರು ಮಾಡ್ಲೇಬೇಕಿತ್ತು, ತೆರ್ಹೊ."

"ಹೌದು. ನಾನೂ ಹಾಗೇ ಅಂದ್ಕೊಂಡೆ. ಎಲ್ರೂ ಸುಮ್ನೆ ಕಾಯ್ತಾ ಕೂತ್ರೆ ಆಗಲ್ಲ."

"ದೊಡ್ಡ ಮನಸ್ಸು ನಿಂದು."

"ಏ, ಬಿಡು ಬಿಡು. ಮಿಕ್ಕಿದ್ದನ್ನ ಮನೆಗೆ ತಗೊಂಡು ಹೋಗಿ."

ಕ್ಯೋಸ್ತಿ ತೆರ್ಹೊನ ಕೈಯನ್ನು ಹಿಡಿದು ಕುಲುಕಿದ, ಬಿಟ್ಟ, ಮತ್ತೆ ಹಿಡಿದು ಕುಲುಕಿದ. ನಮ್ಮ ಕಡೆ ಒಮ್ಮೆ ಕೈ ಕುಲುಕಿದರೆ ಹೊಲ ಮಾರಿದ ಹಾಗೆ. ಎರಡು ಸಲ ಕುಲುಕಿದರೆ ಮನೆಯನ್ನೂ ಸೇರಿಸಿ ಮಾರಿದ ಹಾಗೆ.

* * *

ಶುಕ್ರವಾರ ಬೆಳಿಗ್ಗೆ ಉರ್ಪೊ ಉಗ್ರಾಣಕ್ಕೆ ಬಂದು ಮಂಜುಗಡ್ಡೆ ಕೊರೆಯುವ ಬೈರಿಗೆಯನ್ನು ಕಟ್ಟೆಯ ಮೇಲಿಟ್ಟ. ಒಂಬತ್ತು ವರ್ಷದ ಹಿಂದೆ ಮೀನು ಹಿಡಿಯಲು ಎರವಲು ಒಯ್ದದ್ದು.

"ಇದೇನೋ?" ಎಂದ ತೆರ್ಹೊ.

"ನಿಂದು. ಇನ್ನು ಮೇಲೆ ನಿಂಗೆ ಹೊತ್ತಿರುತ್ತಲ್ಲ." ಉರ್ಪೊ ಬೂಟಿನ ತುದಿ ನೋಡಿದ. "ಆ ಪಟ್ಟೀಲಿ ಇದ್ದಿದ್ದು ನನ್ನ ಹೆಸರು. ನಂಗೊತ್ತು. ಮರೆಯಲ್ಲ ಕಣೋ."

"ಯಾವ ಪಟ್ಟಿ?"

"ಅದೇ ನಿನ್ನ ದೊಡ್ಡತನ, ನೋಡು!" ಎಂದು ಉರ್ಪೊ ಬಿರಬಿರನೆ ಹೊರಗೆ ಹೋದ.

ಬೈರಿಗೆಯನ್ನು ನೋಡುತ್ತ ನಿಂತ ತೆರ್ಹೊನಿಗೆ, ತನ್ನ ಕೇಕನ್ನು ಇವರೆಲ್ಲ ಏನೆಂದು ತಿಳಿದಿದ್ದಾರೆ ಎಂಬುದು ಆಗ ಹೊಳೆಯಿತು. ಹತ್ತೂವರೆಗೆ ವೆಲ್ಡರ್ ಬಂದು, ಹೋಗಬೇಕಾಗಿದ್ದವನು ತಾನೇ ಎಂದು ಹೇಳಿ ಒಂದು ಗಾಡಿ ಬರ್ಚ್ ಮರದ ಸೌದೆ ಕಳಿಸುವುದಾಗಿ ಮಾತು ಕೊಟ್ಟ. ಹನ್ನೊಂದಕ್ಕೆ ಜಲ್ಲಿ ಲಾರಿಯ ಅಣ್ಣತಮ್ಮಂದಿರು ಬಂದು, ತಮ್ಮಿಬ್ಬರಲ್ಲಿ ಒಬ್ಬ ಹೋಗುವುದಿತ್ತು, ಯಾರು ಎಂಬುದಕ್ಕೆ ಮನೆಯಲ್ಲಿ ಆಗಲೇ ಹೊಡೆದಾಟ ನಡೆದಿತ್ತು ಎಂದರು. ಮಧ್ಯಾಹ್ನದ ಹೊತ್ತಿಗೆ ಏಳು ಜನ ಬಂದು, ಏಳು ಜನರೂ ತಮ್ಮದೇ ಹೆಸರಿತ್ತು ಎಂದು ಆಣೆ ಮಾಡಿ ಹೋಗಿದ್ದರು. ಪಟ್ಟಿ ಎನ್ನುವುದು ಒಂದು ಇದ್ದಿದ್ದರೆ ಅದರಲ್ಲಿ ಇಡೀ ರಸ್ತೆ ವಿಭಾಗವೇ ಇದ್ದಿರಬೇಕು.

ತೆರ್ಹೊ ಒಬ್ಬರಿಗೂ ಇಲ್ಲ ಎನ್ನಲಿಲ್ಲ. ಯಾರೂ ನೇರವಾಗಿ ಕೇಳಿರಲಿಲ್ಲವಲ್ಲ. ಕೇಳದ ಪ್ರಶ್ನೆಗೆ ಇಲ್ಲ ಎನ್ನುವ ಗಂಡಸು ಹೌಕಿಸಾಲ್ಮಿಯಲ್ಲಿ ಇನ್ನೂ ಹುಟ್ಟಿಲ್ಲ.

*ಬನ್ನು ಏಳು. ಹಸಿವು: ಸೊನ್ನೆ. ಮನಸ್ಸು: ಹೆದರಿಕೆ. ಹೆದರಿಕೆ. ವೆಲ್ಡರ್. ಹೆದರಿಕೆ.*

ಮನೆಯ ಮೆಟ್ಟಿಲ ಮೇಲೆ ಐದು ಪೊಟ್ಟಣ ಕಾಫಿ ಪುಡಿ ಸಾಲಾಗಿ ಇಟ್ಟಿತ್ತು. ನೆರೆಯವರು ಸದ್ದಿಲ್ಲದೆ ಇಟ್ಟುಹೋದದ್ದು. ಸತ್ತ ಮನೆಯ ಮುಂದೆ ಇಡುವ ಹಾಗೆ. ಒಳಗೆ ರೌನಿ ಕೋಟು ಬಿಚ್ಚದೆ ಕೂತಿದ್ದಳು.

"ತೆರ್ಹೊ, ಕೂತ್ಕೋ."

ಅವನು ಕೂತ.

"ನನ್ನ ಗಂಡ ಕೆಲಸ ಬಿಟ್ಟ ಅನ್ನೋದು ನಂಗೆ ಎಲ್ಲಿ ಗೊತ್ತಾಯ್ತು ಹೇಳು? ಮೊಸರಿನ ಕಪಾಟಿನ ಮುಂದೆ. ಹಿಲ್ಯಾ ಬಂದು ನನ್ನ ತಬ್ಕೊಂಡ್ಲು. ತಬ್ಕೊಂಡ್ಲು! ಜನ ನೋಡ್ತಿದ್ರು!"

"ನಾನು ಕೆಲಸ ಬಿಟ್ಟಿಲ್ಲ."

"ಮತ್ತೆ ಕೇಕು?"

"ಅದು ಬರೀ ಕೇಕು. ನರ್ಸ್ ಹೇಳಿದ್ಲು. ಮನಸ್ಸಿಗೂ ಹೊಟ್ಟೆಗೂ ಇರೋ ಗಂಟು ಬಿಚ್ಚಬೇಕಂತೆ."

ರೌನಿ ಕೋಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಳು. "ಗಂಟು ಬಿಚ್ಚೋಕೆ ಮೇಯೊನೀಸು ಬೇಕಾಯ್ತಾ ನಿಂಗೆ?"

ಫೋನು ಬಡಿದುಕೊಂಡಿತು. ಅತ್ತೆ ಲೆಂಪಿ. ಕೋಣೆಯ ಆ ತುದಿಗೂ ಕೇಳಿಸುವ ದನಿ: "ರೌನಿ, ಎಚ್ಚರ ಕಣೇ! ಕೆಲಸ ಬಿಟ್ಟ ಗಂಡಸು ಮೊದಲ ವಾರ ಸುಮ್ನಿರ್ತಾನೆ. ಎರಡನೇ ವಾರ ಅಡುಗೆಮನೆ ಕಪಾಟು ಸರಿ ಮಾಡೋಕೆ ಬರ್ತಾನೆ. ನಿಮ್ಮಪ್ಪ ನನ್ನ ಉಪ್ಪಿನ ಡಬ್ಬಿ ಎಲ್ಲಿಟ್ಟನೋ, ಇವತ್ತಿಗೂ ಸಿಕ್ಕಿಲ್ಲ!"

ರೌನಿ ಫೋನು ಇಟ್ಟು ಗಂಡನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ನಿಜವಾದ ಭಯವಿತ್ತು. "ಸೋಮವಾರ ಹೋಗಿ ಕ್ಯೋಸ್ತಿಗೆ ಹೇಳು. ಬಾಯಿ ಬಿಟ್ಟು ಹೇಳು. ಈ ಮನೆ ನಡೀತಿರೋದು ನಿನ್ನ ಸಂಬಳದ ಮೇಲೆ."

"ಕೈ ಕುಲುಕಿಬಿಟ್ಟಿದ್ದಾನಲ್ಲೇ. ಎರಡು ಸಲ."

"ಎರಡು ಸಲ?" ಎಂದಳು ರೌನಿ, ಆಗ ಕೋಟು ಬಿಚ್ಚಿದಳು. ಇನ್ನು ಹೊರಗೆ ಹೋಗಿ ಮಾಡುವುದೇನೂ ಉಳಿದಿಲ್ಲ ಎನ್ನುವ ಹಾಗೆ.

* * *

ಸೋಮವಾರ ತೆರ್ಹೊ ಕ್ಯೋಸ್ತಿಯ ಕೋಣೆಗೆ ಹೋದ. ಹೋದ ತಕ್ಷಣ ವಿಷಯ ತೆಗೆಯಲು ಅವನೇನು ಕಾಡುಮನುಷ್ಯನಲ್ಲ. ಹಿಮದ ಮಾತಾಯಿತು. ಹಿಮ ಕರಗುವುದರ ಮಾತಾಯಿತು. ಕೆರೆಯ ಮಂಜುಗಡ್ಡೆ ಇನ್ನೂ ಎಷ್ಟು ದಪ್ಪವಿದೆ ಎಂಬ ಬಗ್ಗೆ ಇಬ್ಬರೂ ಎರಡು ಅಭಿಪ್ರಾಯ ಹೇಳಿ, ಎರಡನ್ನೂ ಹಿಂದಕ್ಕೆ ತೆಗೆದುಕೊಂಡರು. ಅರ್ಧ ಗಂಟೆಯ ಮೇಲೆ ತೆರ್ಹೊ ಗಂಟಲು ಸರಿಮಾಡಿಕೊಂಡ.

"ಆವತ್ತಿನ ಆ ಕೇಕಿನ ವಿಷಯ..."

"ಹೇಳಬೇಡ" ಎಂದ ಕ್ಯೋಸ್ತಿ. "ನಾನು ಹೇಳ್ತೀನಿ. ತಿಂಗಳಿಂದ ನಂಗೆ ಊಟ ಸೇರಿರಲಿಲ್ಲ, ತೆರ್ಹೊ. ಗಂಜಿ ಬಟ್ಟಲಲ್ಲೇ ಆರಿಹೋಗೋದು. ಹನ್ನೆರಡು ಜನದಲ್ಲಿ ಒಬ್ಬನ ಹೆಸರು ಬರೀಬೇಕು, ಪೆನ್ನು ತೆಗೆಯೋದು, ಮತ್ತೆ ಖಾನೇಲಿ ಇಡೋದು. ಗುರುವಾರ ಮನೆಗೆ ಹೋಗಿ ಎರಡು ತಟ್ಟೆ ಮೀನುಸಾರು ಕುಡಿದೆ. ಹೆಂಡ್ತಿ ಅತ್ತುಬಿಟ್ಲು." ಅವನು ಮೇಜಿನ ಖಾನೆ ಎಳೆದು ಒಂದು ಕಾಗದ ತೋರಿಸಿದ. "ಪುರಸಭೆಯಿಂದ ಬಂತು. ಸ್ವಂತ ಇಚ್ಛೆಯಿಂದ ಬಿಡ್ತೀನಿ ಅಂತ. ಈಗ ಸಹಿ ಬೇಡ, ಹಾಗೆಲ್ಲ ಒಣ ಒಣವಾಗಿ ಬೇಡ. ಬರೋ ಶುಕ್ರವಾರ ಬೀಳ್ಕೊಡೋ ಕಾಫಿ ಇಟ್ಟಿದ್ದೀವಿ. ಮೊದಲು ಕೇಕು, ಆಮೇಲೆ ಸಹಿ."

"ನಾನು ಹೇಳೋಕೆ ಬಂದಿದ್ದು..."

"ಗೊತ್ತು. ಭಾಷಣ ಚಿಕ್ಕದಾಗಿರಲಿ ಅಂತ ತಾನೆ? ನಾಲ್ಕೇ ಮಾತು ಹೇಳ್ತೀನಿ."

ತೆರ್ಹೊ ಬಾಯಿ ತೆರೆದ. ಕ್ಯೋಸ್ತಿಯ ಕೆನ್ನೆಗಳಲ್ಲಿ ಮೀನುಸಾರಿನ ಕಳೆ ಹೊಳೆಯುತ್ತಿತ್ತು. "ಚಿಕ್ಕದಾಗಿದ್ರೆ ಒಳ್ಳೇದು ಅನ್ನಬಹುದು" ಎಂದು ಹೇಳಿ ಹೊರಗೆ ಬಂದ.

ಜಲ್ಲಿ ಚೀಲಗಳ ಹಿಂದೆ ಮೂರನೆಯ ಬನ್ನಿಗೆ ಕೈಹಾಕಿದಾಗ ಸೈಮಿ ಅಲ್ಲೇ ಬಂದು ಸಿಕ್ಕಿದಳು. ಅವಳೊಬ್ಬಳು ಇನ್ನೂ ಕೃತಜ್ಞತೆ ಹೇಳಿರಲಿಲ್ಲ. ಅವಳ ಮುಖ ನೋಡಿದರೆ ಹೇಳುವ ಹಾಗೂ ಇರಲಿಲ್ಲ.

"ಸೈಮಿ" ಎಂದ ತೆರ್ಹೊ, ಚೀಲದ ದಾರವನ್ನು ಬೆರಳಿಗೆ ಸುತ್ತುತ್ತ. "ಈಗ ಒಬ್ಬ ಮನುಷ್ಯ ಇದ್ದಾನೆ ಅಂತ ಇಟ್ಕೋ. ಹೋಗ್ತಾನೆ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ಅವನು ಹೋಗ್ದೇ ಇದ್ರೆ... ಬೇರೆ ಯಾರನ್ನಾದ್ರೂ ಕಳಿಸ್ತಾರಾ?"

"ಅಷ್ಟು ಸುಲಭಾನಾ?" ಸೈಮಿ ಚೀಲದ ಮೇಲೆ ಕೂತಳು. "ಪುರಸಭೆಯವರು ಯೂನಿಯನ್ ಜೊತೆ ಆರು ವಾರ ಮಾತುಕತೆ ನಡೆಸಬೇಕು. ಕಾರಣ ತೋರಿಸಬೇಕು. ಕಾರಣ ಎಲ್ಲಿದೆ ಅವರ ಹತ್ರ? ಆಕಾಶ ಹಿಮ ಸುರಿಸೋದು ಕಡಿಮೆ ಮಾಡಿದ್ಯಾ? ಹನ್ನೆರಡು ಜನಕ್ಕೂ ಕೈತುಂಬ ಕೆಲಸ. ಕಾಗದ ಎಲ್ಲ ಸಿದ್ಧ ಮಾಡ್ಕೊಂಡಿದ್ದೆ ಕಣೋ. ಒಬ್ಬರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಅಷ್ಟರಲ್ಲಿ ನೀನು ಕೇಕು ತಂದೆ."

"ತಂದೆ."

"ತಾನೇ ಹೋಗ್ತೀನಿ ಅನ್ನೋನಿಗಾಗಿ ನಾನು ಹೇಗೆ ಜಗಳ ಆಡ್ಲಿ?" ಅವಳು ಎದ್ದು ಪ್ಯಾಂಟು ಕೊಡವಿಕೊಂಡಳು. "ಯೂನಿಯನ್ನಿನ ಚರಿತ್ರೇಲಿ ಸೀಗಡಿಗೆ ಸೋತಿದ್ದು ನಾನೊಬ್ಬಳೇ ಇರಬೇಕು."

ತೆರ್ಹೊ ಬನ್ನನ್ನು ಚೀಲದ ಮೇಲೆ ಇಟ್ಟ. ಅಂದು ಸಂಜೆಯವರೆಗೂ ಅದು ಅಲ್ಲೇ ಇತ್ತು.

* * *

ಗುರುವಾರ ಇರ್ಮೆಲಿ ನೀಲಿ ಪುಸ್ತಕವನ್ನು ಓದಿದಳು. ಹಾಳೆ ತಿರುವಿದಂತೆಲ್ಲ ಅವಳ ಹುಬ್ಬು ಮೇಲೇರಿತು.

"ಹೆದರಿಕೆ ಅಂತ ನಲವತ್ತಾರು ಸಲ ಬರೆದಿದ್ದೀರಿ."

"ವೆಲ್ಡರ್ ಅನ್ನೋದನ್ನೂ ಅದಕ್ಕೇ ಸೇರಿಸ್ಕೊಳ್ಳಿ."

"ಆದ್ರೆ ನೋಡಿ, ಇದು ದೊಡ್ಡ ವಿಷಯ. ಮೊದಲು ನಿಮಗೆ ಹಸಿವು ಯಾವುದು, ಹೆದರಿಕೆ ಯಾವುದು ಗೊತ್ತಾಗ್ತಿರಲಿಲ್ಲ. ಈಗ ಗೊತ್ತಾಗ್ತಿದೆ. ಮೂರು ದಿನದಿಂದ ಬನ್ನು ಎರಡಕ್ಕಿಳಿದಿದೆ." ಅವಳು ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಅವನ ತೋಳಿಗೆ ಸುತ್ತಿ ಗಾಳಿ ತುಂಬಿದಳು. "ಒತ್ತಡ ಮಾತ್ರ ಇಳಿದಿಲ್ಲ. ಒಂದು ಕೇಳ್ತೀನಿ. ಈ ವಾರದಲ್ಲಿ ಯಾರಿಗಾದ್ರೂ 'ಬೇಡ' ಅಂತ ಹೇಳಿದ್ರಾ?"

"ಹೇಳೋ ಹತ್ರ ಹತ್ರ ಬಂದಿದ್ದೆ."

"ಅದಿರಲಿ, ನಿಮಗೆ ಶುಭಾಶಯ ಹೇಳೋದೇ ಮರೆತೆ!" ಇರ್ಮೆಲಿ ಮುಖ ಅರಳಿಸಿದಳು. "ಕೆಲಸ ಬಿಟ್ಟು ಆರಾಮಾಗಿ ಇರೋ ನಿರ್ಧಾರ ಮಾಡಿದ್ರಂತೆ. ಎಷ್ಟು ಧೈರ್ಯ! ನನ್ನ ಒಣದ್ರಾಕ್ಷಿ ಇಷ್ಟು ಕೆಲಸ ಮಾಡುತ್ತೆ ಅಂದ್ಕೊಂಡಿರಲಿಲ್ಲ."

ತೋಳಿನ ಪಟ್ಟಿಯ ಯಂತ್ರ ಒಂದು ಸಣ್ಣ ಕೂಗು ಹಾಕಿತು. ಇರ್ಮೆಲಿ ಅಂಕಿ ನೋಡಿ, ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಂದನ್ನು ತಂದಳು. ಅದೂ ಕೂಗಿತು.

* * *

ಶುಕ್ರವಾರ ಎರಡು ಗಂಟೆಗೆ ಲಾರಿಗಳನ್ನು ಹೊರಗೆ ನಿಲ್ಲಿಸಿ ಶೆಡ್ಡನ್ನು ಗುಡಿಸಿದ್ದರು. ಮೂರು ಮೇಜು ಜೋಡಿಸಿ ಬಿಳಿ ಕಾಗದ ಹಾಸಿದ್ದರು. ನಡುವೆ ಮೂವತ್ತು ಜನರ ಬ್ರೆಡ್ಡಿನ ಕೇಕು. ಮೇಲೆ ಮೇಯೊನೀಸಿನಲ್ಲಿ ಹಿಲ್ಯಾಳ ಕೈಬರಹ: *ತೆರ್ಹೊ, ವಂದನೆ*. ಕೇಕಿನ ಪಕ್ಕ ಕಾಗದ, ಕಾಗದದ ಮೇಲೆ ಪೆನ್ನು. ರಸ್ತೆ ವಿಭಾಗದ ಹನ್ನೆರಡು ಜನ, ಅವರ ಹೆಂಡಿರು ಗಂಡಂದಿರು, ಒಂದಿಷ್ಟು ಮಕ್ಕಳು, ಪುರಸಭೆಯ ನಿರ್ದೇಶಕ, ಹಿಲ್ಯಾ, ಮತ್ತು ಯಾರೂ ಕರೆಯದಿದ್ದರೂ ಬಂದ ಅತ್ತೆ ಲೆಂಪಿ.

ನಿರ್ದೇಶಕ ಮಾತಾಡಿದ. ಹೌಕಿಸಾಲ್ಮಿಯ ರಸ್ತೆಗಳ ಮೇಲೆ ಜಾರಿ ಬೀಳದ ಪ್ರತಿಯೊಬ್ಬನೂ ತೆರ್ಹೊನಿಗೆ ಋಣಿ ಎಂದ. ಆ ಚಳಿಗಾಲದಲ್ಲೇ ಎರಡು ಸಲ ಜಾರಿ ಬಿದ್ದಿದ್ದ ಲೆಂಪಿ ಗಟ್ಟಿಯಾಗಿ ಕೆಮ್ಮಿದಳು. ಕ್ಯೋಸ್ತಿ ನಾಲ್ಕೇ ಮಾತು ಹೇಳಿದ. ನಾಲ್ಕನೆಯದನ್ನು ಮುಗಿಸಲು ಅವನಿಂದ ಆಗಲಿಲ್ಲ. ಉರ್ಪೊ ಎಲ್ಲರ ಪರವಾಗಿ ಒಂದು ತೂಗುಕುರ್ಚಿ ತಂದಿಟ್ಟ. ಅದು ಖಾಲಿಯಾಗಿಯೇ ಎರಡು ಸಲ ತೂಗಿ ನಿಂತಿತು.

"ಕೂತು ನೋಡೋ" ಎಂದ ಉರ್ಪೊ.

"ಕೂರದೇನೂ ಇರಬಹುದು" ಎಂದ ತೆರ್ಹೊ. ಎಲ್ಲರೂ ನಕ್ಕರು. ಎಷ್ಟು ಬಿಗಿ ಹಿಡಿದಿದ್ದಾನೆ ಪಾಪ ಎಂದು ಹಿಲ್ಯಾ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಶೆಡ್ಡಿಗೆಲ್ಲ ಕೇಳಿಸಿತು.

ಆಮೇಲೆ ಸಾಲು ನಿಂತಿತು. ಸಾಲು ನಿಂತ ಮೇಲೆ ಯಾವಾಗಲೂ ಆಗುವುದೇ ಆಯಿತು, ಅಂದರೆ ಏನೂ ಆಗಲಿಲ್ಲ. ಮೊದಲು ಕೈ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಹಸಿದವನು ಎಂದು ಕಾಣುವುದಕ್ಕಿಂತ ಹಸಿದೇ ಸಾಯುವುದು ಲೇಸು. ಯಾರಿಗಾಗಿ ಕೇಕೋ ಅವನು ಮೊದಲ ತುಂಡು ತೆಗೆದುಕೊಳ್ಳಬೇಕು, ಆಗ ಸಾಲು ಚಲಿಸುತ್ತದೆ, ಕಾಫಿ ಸುರಿಯುತ್ತದೆ, ಸಹಿ ಬೀಳುತ್ತದೆ, ಜನ ಮನೆಗೆ ಹೋಗುತ್ತಾರೆ. ಮೂವತ್ತು ಜನ, ಮೂವತ್ತು ಖಾಲಿ ತಟ್ಟೆ. ಕೇಕಿಗೆಂದು ಎಲ್ಲರೂ ಮಧ್ಯಾಹ್ನದ ಊಟ ಬಿಟ್ಟು ಬಂದಿದ್ದರು. ಎಲ್ಲೋ ಒಂದು ಹೊಟ್ಟೆ ಗುರುಗುಟ್ಟಿತು. ಸದ್ದು ನಿರ್ದೇಶಕನ ಕಡೆಯಿಂದ ಬಂದದ್ದರಿಂದ ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಕ್ಯೋಸ್ತಿ ತಾನೇ ಚಾಕು ಹಿಡಿದು ನಾಲ್ಕು ಬೆರಳಗಲದ ತುಂಡು ಕೊಯ್ದ. ಮೇಲೆ ಮೀನಿನ ಗುಲಾಬಿ ಇಟ್ಟ, ಅದರ ಸುತ್ತ ಆರು ಸೀಗಡಿ. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮುಂದೆ ಬಂದ.

"ತಗೋ, ತೆರ್ಹೊ."

ಸಾಲಿನ ನಡುವಿನಿಂದ ರೌನಿ ಗಂಡನನ್ನು ನೋಡುತ್ತಿದ್ದಳು. ಸೈಮಿ ನೆಲ ನೋಡುತ್ತಿದ್ದಳು. ಉರ್ಪೊನ ಕಣ್ಣು ಸೀಗಡಿಯ ಮೇಲಿತ್ತು.

ತೆರ್ಹೊ ತಟ್ಟೆಯನ್ನು ನೋಡಿದ. ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹಸಿವಿದೆಯಾ ಎಂದು ಕೇಳಿಕೊಂಡ. ಉತ್ತರ ತಕ್ಷಣ ಬಂತು. ಹೌಕಿಸಾಲ್ಮಿಯಲ್ಲಿ ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಬಂದ ದಾಖಲೆಯಿಲ್ಲ.

"ಬೇಡ" ಎಂದ.

ಮೂವತ್ತು ತಟ್ಟೆಗಳು ಒಂದಕ್ಕೊಂದು ತಗಲಿ ಸಣ್ಣಗೆ ಸದ್ದು ಮಾಡಿದವು. ಕ್ಯೋಸ್ತಿ ನಕ್ಕ. ಇದು ಸಂಕೋಚ ಎಂದು ಅವನು ತಿಳಿದ. ಬೇರೆ ಏನೆಂದಾದರೂ ತಿಳಿಯಲು ಅವನಿಗೆ ಅಭ್ಯಾಸವಿರಲಿಲ್ಲ.

"ದೊಡ್ಡದಾಯ್ತೇನೋ. ಅರ್ಧ ಮಾಡ್ಲಾ?"

"ಬೇಡ."

"ಆ ಕಡೆ ಹ್ಯಾಮ್ ಇದೆ. ಮೀನು ಬೇಡ ಅಂದ್ರೆ..."

"ಅದೂ ಬೇಡ. ಕ್ಯೋಸ್ತಿ, ನಾನು ಎಲ್ಲಿಗೂ ಹೋಗ್ತಿಲ್ಲ. ಆವತ್ತು ಕೇಕು ತಿನ್ನಬೇಕು ಅನ್ನಿಸ್ತು, ತಂದೆ. ಇವತ್ತು ಅನ್ನಿಸ್ತಿಲ್ಲ."

ಸೈಮಿ ಮೆಲ್ಲಗೆ ಕತ್ತೆತ್ತಿದಳು. ಕ್ಯೋಸ್ತಿಯ ಕೈಯಲ್ಲಿ ತಟ್ಟೆ ವಾಲಿ ಒಂದು ಸೀಗಡಿ ಕಾಗದದ ಮೇಲೆ, ಸಹಿ ಹಾಕಬೇಕಾದ ಗೆರೆಯ ಹತ್ತಿರ ಬಿತ್ತು. ಏನು ಮಾಡಬೇಕೆಂದು ತೋಚದೆ ಅವನು ತಟ್ಟೆಯನ್ನು ಇನ್ನೊಂದು ಅಂಗುಲ ಮುಂದೆ ತಂದ.

"ಸುಮ್ನೆ ಒಂದು ತುತ್ತು" ಎಂದ, ಬೇಡಿಕೊಳ್ಳುವ ದನಿಯಲ್ಲಿ. "ಜನ ಕಾಯ್ತಿದ್ದಾರೆ."

"ಬೇಡ ಅಂದ್ನಲ್ಲ" ಎಂದ ತೆರ್ಹೊ.